ಪೆನ್ಸಿಲ್‌ನ ಎಡಗಡೆ

ಆಕ್ಟಿವಿಟಿ ಪಾಯಿಂಟ್ 100 ತುಂಬದೆ ಡಿಗ್ರಿ ಕೈಗೆ ಸಿಗಲ್ಲ ಅನ್ನೋದು ನಿಮಗೂ ಗೊತ್ತು, ನಮಗೂ ಗೊತ್ತು. ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವ ದಾರಿ ಇದ್ದೇ ಇತ್ತು. ನಾವು ನಾಲ್ವರು (ಇಬ್ಬರು ಇಸಿ, ಒಬ್ಬಳು ಸಿಎಸ್, ಒಬ್ಬ ಮೆಕ್ಯಾನಿಕಲ್) ಹಾಸ್ಟೆಲ್‌ಗೆ ಹತ್ತಿರ ಅನ್ನೋ ಒಂದೇ ಕಾರಣಕ್ಕೆ ಹಿಂದಿನ ಗೇಟಿನಾಚೆಯ ಅಂಗನವಾಡಿಯನ್ನು ಆರಿಸಿಕೊಂಡೆವು. ಅದರ ಪಕ್ಕದಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಕಟ್ಟುವವರ ತಗಡಿನ ಶೆಡ್ಡುಗಳು ಸಾಲಾಗಿದ್ದವು. ಯಾದಗಿರಿ, ರಾಯಚೂರಿನ ಕಡೆಯವರು, ತೆಲುಗಿನವರು, ಬಿಹಾರದಿಂದ ಬಂದವರು ಎಲ್ಲರೂ ಅಲ್ಲಿದ್ದರು.

ಮೈಸೂರಿನಲ್ಲಿ ಓದುವ ನಮಗೆ ಒಂದು ಹೆಮ್ಮೆ ಇರಬೇಕು. 1975ರ ಅಕ್ಟೋಬರ್ 2ರಂದು ಐಸಿಡಿಎಸ್ ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ಪಕ್ಕದ ತಿ. ನರಸೀಪುರವನ್ನು. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆದರೂ ನಮ್ಮ ಕ್ಯಾಂಟೀನಿನಲ್ಲಿ ಯಾರನ್ನೇ ಕೇಳಿ, ಅಂಗನವಾಡಿ ಅಂದ್ರೆ ಮೊಟ್ಟೆ, ಹಾಲಿನ ಪುಡಿ, ಪೋಲಿಯೋ ಹನಿ. ಅಷ್ಟೇ.

ಮೊದಲ ದಿನ ಟೀಚರ್ ತಿಂಗಳ ತೂಕ ನೋಡುತ್ತಿದ್ದರು. ತೂಕ, ಎತ್ತರ ಎರಡನ್ನೂ ಪೋಷಣ್ ಟ್ರ್ಯಾಕರ್‌ಗೆ ಹಾಕುತ್ತಾ, ನಮ್ಮ ಕಡೆ ತಿರುಗದೆಯೇ ಕೇಳಿದರು: "ತೂಕ ಕಮ್ಮಿ ಇದ್ರೆ ಫೋನೇ ಹೇಳ್ಬಿಡುತ್ತೆ ಕಣ್ರಪ್ಪಾ. ಮಾತು ಕಮ್ಮಿ ಇದ್ರೆ ಯಾರು ಹೇಳ್ತಾರೆ?"

ಆ ಪ್ರಶ್ನೆಯೇ ನಮ್ಮ ಪ್ರಾಜೆಕ್ಟ್ ಆಯಿತು. ಅವರ ಮಾತು ಸರಿಯೇ. ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಎತ್ತರ ಅಳೆಯೋಕೆ ಪಟ್ಟಿ ಇದೆ, ಅದಕ್ಕೇ ಲೆಕ್ಕವೂ ಇದೆ. ಮಾತು, ಆಟ, ಕೈಬೆರಳಿನ ಹಿಡಿತ, ಕರೆದರೆ ತಿರುಗುವುದು, ಇವಕ್ಕೆ ಪಟ್ಟಿ ಯಾವುದು?

ಹುಡುಕಿದರೆ ಪಟ್ಟಿಗಳು ಬೇಕಾದಷ್ಟಿವೆ. ಹೆಚ್ಚಿನವು ಬೇರೆ ದೇಶದ ಮಕ್ಕಳನ್ನು ನೋಡಿ ಮಾಡಿದವು. ಅಮೆರಿಕದ ಡೆನ್ವರ್ ಪರೀಕ್ಷೆಯಲ್ಲಿ ಮಗು ತಾನೇ ಸೀರಿಯಲ್ ಹಾಕಿಕೊಳ್ಳುತ್ತಾ, ಬೋರ್ಡ್ ಗೇಮ್ ಆಡುತ್ತಾ ಅಂತ ಕೇಳುತ್ತಾರೆ. ಶೆಡ್ಡಿನಲ್ಲಿ ನಾಲ್ಕು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತು, ಕೊಡದಿಂದ ನೀರು ಬಗ್ಗಿಸಿ, ಅವನಿಗೆ ಅನ್ನ ಕಲಸಿ ತಿನ್ನಿಸುತ್ತಾಳೆ. ಆ ಪಟ್ಟಿ ಹಿಡಿದರೆ ಅವಳಿಗೆ ಎರಡು ಕಡೆ ಸೊನ್ನೆ. ಲ್ಯಾಬಿನಲ್ಲಿ ಕ್ಯಾಲಿಬ್ರೇಶನ್ ಮಾಡದ ಮೀಟರ್ ಇಟ್ಟು ರೀಡಿಂಗ್ ಬರೆದರೆ ಮೇಡಂ ರೆಕಾರ್ಡ್ ಬಿಸಾಕುತ್ತಾರೆ. ಮಕ್ಕಳ ವಿಷಯದಲ್ಲಿ ಮಾತ್ರ ಆ ರೀಡಿಂಗ್ ನಡೆಯುತ್ತಾ?

ಈ ಕ್ಯಾಲಿಬ್ರೇಶನ್ ಕೆಲಸವನ್ನು ನಮ್ಮವರು ಬಹಳ ಹಿಂದೆಯೇ ಶುರುಮಾಡಿದ್ದರು. ಬರೋಡಾದಲ್ಲಿ ಪ್ರಮೀಳಾ ಫಾಟಕ್ ಮತ್ತು ಸಂಗಡಿಗರು ಅಮೆರಿಕದ ಬೇಲಿ ಮಾಪನವನ್ನು ಇಲ್ಲಿನ ಮಕ್ಕಳ ಮೇಲೆ ಪ್ರಯೋಗಿಸಿ, ನಮ್ಮ ಕೂಸು ಯಾವ ತಿಂಗಳಿಗೆ ಏನು ಮಾಡುತ್ತೆ ಅಂತ ಲೆಕ್ಕ ಹಾಕಿದರು. ಆ ಮಾಪನ ಉದ್ದ, ಅದಕ್ಕೆ ತರಬೇತಿಯಾದವರೇ ಬೇಕು. ತಿರುವನಂತಪುರದ ಡಾ. ಎಂ.ಕೆ.ಸಿ. ನಾಯರ್ ಅದರಿಂದ 17 ಅಂಶ ಮಾತ್ರ ಆರಿಸಿ ಒಂದೇ ಹಾಳೆಗೆ ಇಳಿಸಿದರು. 1991ರಲ್ಲಿ ಪ್ರಕಟವಾದ ಈ ತಿರುವನಂತಪುರ ಚಾರ್ಟ್ ಎರಡು ವರ್ಷದೊಳಗಿನ ಮಕ್ಕಳಿಗೆ.

ಈ ಚಾರ್ಟಿನ ಡಿಸೈನ್ ನೋಡಿ ನಮ್ಮ ಮೆಕ್ಯಾನಿಕಲ್‌ನವನು ಎದ್ದು ನಿಂತು ಚಪ್ಪಾಳೆ ಹೊಡೆದ. ಕೆಳಗೆ ತಿಂಗಳುಗಳು, ಮೇಲೆ 17 ಅಡ್ಡಪಟ್ಟಿಗಳು. ಪಟ್ಟಿಯ ಎಡತುದಿ ಅಂದ್ರೆ ನೂರಕ್ಕೆ 3 ಮಕ್ಕಳು ಅದನ್ನು ಮಾಡುವ ವಯಸ್ಸು, ಬಲತುದಿ 97 ಮಕ್ಕಳು ಮಾಡುವ ವಯಸ್ಸು. ಮಗುವಿನ ವಯಸ್ಸಿನ ಮೇಲೆ ಒಂದು ಪೆನ್ಸಿಲ್ ನೆಟ್ಟಗೆ ಇಡಿ. ಅದರ ಎಡಗಡೆಗೆ ಪೂರ್ತಿ ಬಿದ್ದ ಪಟ್ಟಿಯ ಕೆಲಸ ಯಾವುದನ್ನಾದರೂ ಮಗು ಮಾಡದಿದ್ದರೆ ಡಾಕ್ಟರ್‌ಗೆ ತೋರಿಸಿ. ಮುಗೀತು. ಕರೆಂಟ್ ಬೇಡ, ಲಾಗಿನ್ ಬೇಡ. ಆ್ಯಪ್ ಮಾಡೋಣ ಅಂತ ಕೈ ತುರಿಸಿಕೊಳ್ಳುತ್ತಿದ್ದ ಸಿಎಸ್ ಗೆಳತಿ ಚಾರ್ಟನ್ನು ಲ್ಯಾಮಿನೇಟ್ ಮಾಡಿಸಿ ತಂದಳು.

ಇದು ಜರಡಿ, ತೀರ್ಪಲ್ಲ. ಅವರೇ ಪರೀಕ್ಷಿಸಿದಾಗ ವಿಳಂಬವಿರುವ ಮೂವರಲ್ಲಿ ಇಬ್ಬರನ್ನು ಇದು ಹಿಡಿದಿತ್ತು. ಮೂರನೆಯ ಮಗುವನ್ನು ಹಿಡಿಯೋಕೆ ಟೀಚರ್ ಕಣ್ಣೇ ಬೇಕು.

"ಎರಡು ಪದ ಹೇಳುತ್ತದೆ" ಅನ್ನೋ ಅಂಶ ನಮ್ಮನ್ನು ಒಂದು ವಾರ ತಿಂದಿತು. ಯಾವ ಭಾಷೆಯ ಪದ? ಅಂಗನವಾಡಿಯಲ್ಲಿ ಬಾಯೇ ಬಿಡದ ಬಿಹಾರದ ಕೂಸು ಶೆಡ್ಡಿನಲ್ಲಿ "ಪಾನಿ" ಅಂತ ಚೀರುತ್ತಿತ್ತು. "ಮಮ್ಮು" ಪದವೇ? ಹಸು ನೋಡಿ "ಅಂಬಾ" ಅಂದ್ರೆ ಅದು ಪದವೋ ಬರೀ ಶಬ್ದವೋ? ಹಾಸ್ಟೆಲ್‌ನಲ್ಲಿ ಈ ಬಗ್ಗೆ ರಾತ್ರಿ ಎರಡರವರೆಗೆ ಜಗಳ ಆಡಿದ್ದೇವೆ. ತಾಯಂದಿರು ಒಂದು ನಿಮಿಷದಲ್ಲಿ ಬಗೆಹರಿಸಿದರು: ಹಸು ಕಂಡಾಗ್ಲೆಲ್ಲ ಅದನ್ನೇ ಅಂದ್ರೆ ಅದು ಹಸುವಿನ ಹೆಸರೇ ತಾನೆ! ಅಂದಿನಿಂದ ಶೆಡ್ಡಿನ ಮಕ್ಕಳ ಮೊದಲ ಮಾತುಗಳನ್ನು, ಯಾವ ಮನೆಯಲ್ಲಿ ಏನಂತಾರೋ ಹಾಗೇ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ. ಸಂಶೋಧನೆ ಅನ್ನೋ ದೊಡ್ಡ ಹೆಸರು ಅದಕ್ಕೆ ಬೇಡ, ಆದರೆ ಹೊಸ ಮಗು ಬಂದಾಗ ಟೀಚರ್ ಅದನ್ನು ತೆಗೆದು ನೋಡುತ್ತಾರೆ.

ಚಾರ್ಟಿನಲ್ಲಿ ಗಂಟೆ ಅಥವಾ ಗಿಲಕಿಯ ಸದ್ದಿಗೆ ತಲೆ ತಿರುಗಿಸುವ ಅಂಶವೂ ಇದೆ. ಗಿಲಕಿ ನಾವೇ ಮಾಡಿದೆವು. ಖಾಲಿ ಬಾಟಲಿಗೆ ರಾಗಿ ಹಾಕಿದರೆ ಸುಂಯ್ ಅನ್ನುವ ತೆಳು ಸದ್ದು, ಹುಣಸೆಬೀಜ ಹಾಕಿದರೆ ದಪ್ಪ ಸದ್ದು. ಬೀಜ ಗಂಟಲಿಗೆ ಹೋಗಬಾರದಲ್ಲ, ಮುಚ್ಚಳಕ್ಕೆ ಎಂ-ಸೀಲ್ ಬಿತ್ತು.

ಕಸದಿಂದ ಆಟಿಕೆ ಮಾಡುವುದು ಹೊಸದೇನಲ್ಲ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986–87ರಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ಕುಂಠಿತ ಬೆಳವಣಿಗೆಯ 129 ಪುಟ್ಟ ಮಕ್ಕಳಿದ್ದರು. ಅವರಲ್ಲಿ ಕೆಲವರ ಮನೆಗೆ ನಮ್ಮ ಆಶಾ ಕಾರ್ಯಕರ್ತೆಯರಂಥವರು ಎರಡು ವರ್ಷ ವಾರಕ್ಕೊಂದು ಗಂಟೆ ಹೋಗಿ, ಇಂಥ ಆಟಿಕೆ ಹಿಡಿದು ಮಗುವಿನ ಜೊತೆ ಆಡುವುದನ್ನು ತಾಯಿಗೆ ತೋರಿಸಿದರು. ಇಪ್ಪತ್ತು ವರ್ಷದ ಮೇಲೆ ನೋಡಿದರೆ ಆಟ ಸಿಕ್ಕವರ ಸಂಪಾದನೆ ಸಿಗದವರಿಗಿಂತ ಶೇ. 25 ಹೆಚ್ಚಿತ್ತು. ಬರೀ ಪೂರಕ ಆಹಾರ ಸಿಕ್ಕ ಗುಂಪಿನಲ್ಲಿ ಈ ಲಾಭ ಕಾಣಲಿಲ್ಲ. ಇದನ್ನೇ ಒಡಿಶಾದ ಕಟಕ್‌ಗೆ ತಂದಾಗ ಆಟ, ಚಿತ್ರಗಳನ್ನು ಅಲ್ಲಿನ ಮನೆಗಳಿಗೆ ಹೊಂದಿಸಿಕೊಂಡರು. ಪ್ಲೇಸ್‌ಮೆಂಟ್ ಪ್ಯಾಕೇಜ್ ಲೆಕ್ಕ ಹಾಕುತ್ತಾ ಕೂರುವ ನಮಗೆ ಆ ಶೇ. 25 ಚೆನ್ನಾಗಿಯೇ ನಾಟಿತು.

ಗಿಲಕಿ ತೆಗೆದುಕೊಂಡು ಕೂತ ಎರಡನೇ ಬುಧವಾರ ಯಾದಗಿರಿಯ ತಾಯೊಬ್ಬರು ಹದಿನೈದು ತಿಂಗಳ ಮಗನನ್ನು ಎತ್ತಿಕೊಂಡು ಬಂದರು. "ಅಕ್ಕೋರ, ಕರದ್ರ ತಿರಗಿ ನೋಡಂಗಿಲ್ರಿ. ಗಂಡುಹುಡುಗ್ರು ಮಾತು ತಡಾ ಮಾಡ್ತಾವ ಅಂತಾರ್ರಿ ಎಲ್ಲಾರೂ."

ಟೀಚರ್ ನೆಲಕ್ಕೆ ತಟ್ಟೆ ಬಡಿದರೆ ಹುಡುಗ ಥಟ್ಟನೆ ತಿರುಗುತ್ತಿದ್ದ. ತಾಯಿಗೆ ಮುಖವರಳಿತು. ಇಸಿಯವರಾದ ನಮಗೆ ಅನುಮಾನ: ನೆಲ ಅದುರಿದ್ದು ಕಾಲಿಗೆ ತಿಳಿದಿರಬಹುದಲ್ಲ? ಅವನನ್ನು ತಾಯಿಯ ತೊಡೆ ಮೇಲೆ ಕೂರಿಸಿ, ಮುಂದೆ ಒಬ್ಬಳು ಗೊಂಬೆ ಆಡಿಸುತ್ತಾ ಕೂತು, ನೆರಳು ಬೀಳದ ಹಾಗೆ ಹಿಂದಿನಿಂದ ಗಿಲಕಿ ಆಡಿಸಿದೆವು. ರಾಗಿಗೆ ಇಲ್ಲ. ಹುಣಸೆಬೀಜಕ್ಕೂ ಇಲ್ಲ. ಹುಡುಗ ಗೊಂಬೆ ನೋಡಿ ನಗುತ್ತಲೇ ಇದ್ದ. ಪೆನ್ಸಿಲ್ ಇಡುವ ಅಗತ್ಯವೇ ಬರಲಿಲ್ಲ.

ಮಕ್ಕಳ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುತ್ತೆ. ಕಟ್ಟಡದ ಕೊನೆಯ ಮೋಲ್ಡ್‌ಗೆ ಉಳಿದಿದ್ದು ಆರು ವಾರ. ಮೋಲ್ಡ್ ಆದರೆ ಶೆಡ್ಡೂ ಇಲ್ಲ, ಹುಡುಗನೂ ಇಲ್ಲ. ಕಾಯದೆ ಟೀಚರ್ ತಾವೇ ತಾಯಿ ಮಗುವನ್ನು ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. 1965ರಿಂದ ಮೈಸೂರಿನಲ್ಲೇ ಇರುವ, ದೇಶದ ಮೂಲೆಮೂಲೆಯಿಂದ ಜನ ಹುಡುಕಿಕೊಂಡು ಬರುವ ಆ ಸಂಸ್ಥೆಗೆ ಶೆಡ್ಡಿನಿಂದ ಒಂದೇ ಸಿಟಿ ಬಸ್. ಆದರೆ ಹೋದ ಪ್ರತಿ ದಿನವೂ ತಾಯಿಯ ಕೂಲಿ ಹೋಗುತ್ತಿತ್ತು, ಮೇಸ್ತ್ರಿಯ ಬೈಗುಳ ಬೇರೆ. ಎರಡೂ ಕಿವಿ ಬಹಳ ಕಮ್ಮಿ ಕೇಳುತ್ತೆ ಅಂತ ಗೊತ್ತಾಯಿತು. ಕಿವಿಗೆ ಮಷೀನ್ ಬಂತು.

ಮೋಲ್ಡ್ ಮುಗಿದು ತಂಡ ಬೆಂಗಳೂರಿನ ಇನ್ನೊಂದು ಸೈಟಿಗೆ ಹೋಯಿತು. ಟೀಚರ್ ಹತ್ತಾರು ಫೋನ್ ಮಾಡಿ ಆ ಸೈಟಿಗೆ ಹತ್ತಿರದ ಅಂಗನವಾಡಿ ಹುಡುಕಿ ಫೈಲ್ ನಂಬರ್ ಹೇಳಿದ್ದಾರೆ. ಕಳೆದ ವಾರ ಆ ತಾಯಿಯೇ ಫೋನ್ ಮಾಡಿದ್ದರು: "ಅಕ್ಕೋರ, ಮಷೀನ್ ಕಿತ್ತಿ ಒಗಿತಾನ್ರಿ, ಏನ್ ಮಾಡ್ಲಿ?" ಟೀಚರ್ ಸ್ಪೀಕರ್ ಆನ್ ಮಾಡಿ ನಮ್ಮ ಕಡೆ ನೋಡಿದರು.

ಮೆಕ್ಯಾನಿಕಲ್‌ನವನು ಈಗ ಹಳೇ ಬನಿಯನ್‌ನಿಂದ ಮಷೀನ್ ಜಾರದ ಹಾಗೆ ಹಿಡಿದಿಡುವ ಟೋಪಿ ಹೊಲಿಯುತ್ತಿದ್ದಾನೆ. ಇಯರ್‌ಫೋನ್ ಮೈಕ್ ಒಳಗಿಟ್ಟು ರೆಕಾರ್ಡ್ ಮಾಡಿ ಕೇಳಿದರೆ ಬಟ್ಟೆ ಉಜ್ಜುವ ಗರಗರವೇ ಹೆಚ್ಚು. ಕಿವಿಯ ಭಾಗಕ್ಕೆ ಹಾಕಲು ತೆಳು, ಜಾಳು ಬಟ್ಟೆ ಬೇಕು. ನಿಮ್ಮ ಹತ್ತಿರ ಇದ್ದರೆ ಬುಧವಾರ ಹನ್ನೊಂದರ ಮೇಲೆ ಹಿಂದಿನ ಗೇಟಿನ ಕಡೆ ಬನ್ನಿ.