ಅಡುಗೆಮನೆ ಇಲ್ಲದ 26 ದಿನ

ಅಡುಗೆಮನೆ ಒಡೆಯೋಕೆ ಬಂದ ಹುಡುಗರು ಮೊದಲ ದಿನವೇ ಒಂದು ಮರದ ಮಣೆ ಎತ್ತಿಕೊಂಡು ಬಂದು, "ಸಾರ್, ಇದನ್ನೂ ಕಸದ ಜೊತೆ ಹಾಕ್ಬಿಡ್ಲಾ?" ಅಂತ ಕೇಳಿದರು. ನಾನು ಹ್ಞೂಂ ಅನ್ನೋದರೊಳಗೆ ಅವ್ವ ಬಂದು ಅದನ್ನ ಕಿತ್ತುಕೊಂಡು ತನ್ನ ಮಂಚದ ಕೆಳಗೆ ತಳ್ಳಿದಳು. ಊರಿಂದ ತಂದ ಮಣೆ, ಏನೋ ಮಮಕಾರ ಇರಬೇಕು ಅಂದುಕೊಂಡು ನಾನು ಸುಮ್ಮನಾದೆ.

ಸಿಂಕ್ ಸೋರಿ ಸೋರಿ ಕೆಳಗಿನ ಪ್ಲೈವುಡ್ ಹಪ್ಪಳದ ಹಾಗೆ ಉಬ್ಬಿತ್ತು. ಜಿರಲೆಗಳು ನಮ್ಮ ಜೊತೆ ಬಾಡಿಗೆ ಇಲ್ಲದೆ ಸಂಸಾರ ಹೂಡಿದ್ದವು. ಬೋನಸ್ ಬಂದಿತ್ತು. ಮಾಡ್ಯುಲರ್ ಕಿಚನ್ ಮಾಡಿಸೋಣ ಅಂತ ಆಯ್ತು. ಡಿಸೈನರ್ ಬಂದ ದಿನ ಡೈನಿಂಗ್ ಟೇಬಲ್ ಸುತ್ತ ಕೂತಿದ್ದು ನಾನು, ನನ್ನ ಹೆಂಡತಿ, ಆ ಹುಡುಗ, ಅವನ ಲ್ಯಾಪ್‌ಟಾಪು. ಎರಡು ಗಂಟೆ ಚರ್ಚೆ. ಡ್ರಾಯರ್ ಎಷ್ಟು, ಬಣ್ಣ ಯಾವುದು, ಚಿಮಣಿ ಎಷ್ಟು ಅಗಲ. ಅವ್ವ ನಮಗೆ ಕಾಫಿ ಮಾಡ್ತಿದ್ದಳು.

ಹನ್ನೆರಡು ದಿನದಲ್ಲಿ ಮುಗಿಸ್ತೀವಿ ಅಂದರು. ಸಾಫ್ಟ್‌ವೇರ್‌ನಲ್ಲಿ ಹದಿಮೂರು ವರ್ಷ ದುಡಿದವನು ನಾನು. ಎಸ್ಟಿಮೇಟ್ ಅಂದರೆ ಏನು ಅಂತ ಗೊತ್ತಿರಬೇಕಾದವನು. ಆದರೂ ನಂಬಿದೆ.

ಮೊದಲ ನಾಲ್ಕು ದಿನ ಮೊಬೈಲ್ ಆ್ಯಪ್ ನಮ್ಮನ್ನ ಸಾಕಿತು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಸೌತ್ ಇಂಡಿಯನ್ ಮೀಲ್ಸ್, ರಾತ್ರಿ ಮಗಳು ಕೇಳಿದ್ದು. ಏಳು ವರ್ಷದ ಅವಳಿಗೆ ಇದಕ್ಕಿಂತ ದೊಡ್ಡ ಹಬ್ಬ ಇರಲಿಲ್ಲ. ಐದನೇ ದಿನ ಅವಳೂ "ಅಪ್ಪಾ, ಬರೀ ಅನ್ನ ಸಾರು ಇಲ್ವಾ?" ಅಂದಳು. ಅವ್ವ ಮೊದಲ ದಿನದಿಂದಲೇ ಏನೂ ಅಂದಿರಲಿಲ್ಲ. ಪ್ಲಾಸ್ಟಿಕ್ ಡಬ್ಬಿ ಬಿಚ್ಚಿ, ನಾಲ್ಕು ತುತ್ತು ತಿಂದು, ಮುಚ್ಚಿಡ್ತಿದ್ದಳು. ಕೇಳಿದರೆ ಒಂದೇ ಮಾತು: "ಹಿಟ್ಟಿಲ್ದೆ ಹೊಟ್ಟೆ ತುಂಬಕ್ಕಿಲ್ಲ ಕಣಪ್ಪ." ನಮ್ಮದು ತುರುವೇಕೆರೆ ಕಡೆಯ ಹಳ್ಳಿ. ಅಲ್ಲಿ ಹಿಟ್ಟು ಅಂದರೆ ಮುದ್ದೆ, ಊಟ ಅಂದರೂ ಮುದ್ದೆ.

ಅಡುಗೆಮನೆ ಇಲ್ಲದಾಗ ಓವನ್ ಇಲ್ಲದೆ ಹೇಗಪ್ಪಾ ಅಂತ ಚಿಂತೆ ಮಾಡೋ ಜನ ಇದ್ದಾರಂತೆ. ನಮ್ಮನೇಲೂ ಒಂದು ಓವನ್ ಇದೆ, ಮದುವೆಗೆ ಬಂದ ಉಡುಗೊರೆ. ಅದರಲ್ಲಿ ಎರಡು ಸಲ ಕೇಕ್ ಮಾಡಿದ್ದು ಬಿಟ್ಟರೆ, ಅವ್ವ ಅದನ್ನ ಚಕ್ಕುಲಿ ಡಬ್ಬಿ ಇಡೋಕೆ ಬಳಸ್ತಾಳೆ. ನಮ್ಮ ಕಷ್ಟ ಬೇರೆ. ಪೈಪ್ ಗ್ಯಾಸ್ ಬಂದ್ ಆಗಿತ್ತು. ಒಲೆಯೇ ಇರಲಿಲ್ಲ.

ಐದನೇ ದಿನ ಸಂಜೆ 2000 ವ್ಯಾಟ್‌ನ ಇಂಡಕ್ಷನ್ ಸ್ಟವ್ ತಂದೆ. ಟಿವಿ ಪಕ್ಕದ ಬೋರ್ಡಿಗೆ ಚುಚ್ಚಿ ನೀರಿಟ್ಟೆ. ಹತ್ತು ನಿಮಿಷಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಬಿಇ ಓದಿದವನಿಗೆ ಆಗ ಲೆಕ್ಕ ನೆನಪಾಯ್ತು. 2000 ಭಾಗಿಸು 230, ಹೆಚ್ಚೂಕಡಿಮೆ ಒಂಬತ್ತು ಆಂಪಿಯರ್. ಆ ಬೋರ್ಡು ಆರು ಆಂಪಿಯರ್‌ದು. "ಓದಿದ್ದೆಲ್ಲ ಎಲ್ಲಿ ಹೋಯ್ತೋ?" ಅಂತ ಹೆಂಡತಿ ಕೇಳಿದಳು. ಮಾರನೇ ದಿನ ಎಲೆಕ್ಟ್ರಿಷಿಯನ್ ರೂಮಿನ ಎಸಿ ಪಾಯಿಂಟ್‌ನಿಂದ ದಪ್ಪ ವೈರ್ ಎಳೆದು, ಹಾಲ್‌ನ ಗೋಡೆ ಬುಡದಲ್ಲಿ 16 ಆಂಪಿಯರ್ ಸಾಕೆಟ್ ಕೂರಿಸಿಕೊಟ್ಟ.

ಮುಂದಿನ ಕಷ್ಟ ಪಾತ್ರೆಗಳದು. ಇಂಡಕ್ಷನ್ ಬಿಸಿ ಮಾಡೋದು ಆಯಸ್ಕಾಂತ ಅಂಟೋ ತಳವನ್ನ ಮಾತ್ರ. ಫ್ರಿಜ್ ಮೇಲಿದ್ದ ಮೈಸೂರು ಅರಮನೆಯ ಮ್ಯಾಗ್ನೆಟ್ ಕಿತ್ತುಕೊಂಡು ನಾನೂ ಮಗಳೂ ರಟ್ಟಿನ ಪೆಟ್ಟಿಗೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಪರೀಕ್ಷೆ ಮಾಡಿದೆವು. ಅವ್ವನ ಅಲ್ಯೂಮಿನಿಯಂ ಪಾತ್ರೆ ಫೇಲ್. ಹಿತ್ತಾಳೆ ಚೊಂಬು ಫೇಲ್. ಸ್ಟೀಲ್ ಪಾತ್ರೆಗಳಲ್ಲೂ ಅರ್ಧ ಫೇಲ್. ಕೊನೆಗೆ ಪಾಸಾದದ್ದು ಒಂದು ಐದು ಲೀಟರ್ ಕುಕ್ಕರ್, ಎರಡು ಸ್ಟೀಲ್ ಪಾತ್ರೆ, ಕಬ್ಬಿಣದ ದೋಸೆ ಹೆಂಚು. ನಾಲ್ಕು ಜನದ ಸಂಸಾರಕ್ಕೆ ಇಷ್ಟೇ ಸಾಕಾಯ್ತು ಅನ್ನೋದು ಬೇರೆ ಮಾತು.

ಡೈನಿಂಗ್ ಟೇಬಲ್ ಮೇಲೆ ಪೆಟ್ಟಿಗೆಗಳು ಸೂರು ಮುಟ್ಟೋ ಹಾಗಿದ್ದವು. ಹಾಗಾಗಿ ಸ್ಟವ್ ನೆಲದ ಮೇಲೇ ಕೂತಿತು. ಅದರ ಮುಂದೆ ಅವ್ವ, ಮಂಚದ ಕೆಳಗಿಂದ ತಂದ ಮಣೆ ಹಾಕಿಕೊಂಡು ಕೂತಳು.

ಕುಕ್ಕರ್‌ನಲ್ಲಿ ಎಸರು ಕುದಿಸಿದಳು. ರಾಗಿ ಹಿಟ್ಟು ಸುರಿದು, ನಡುವೆ ಕೋಲಿಂದ ತೂತು ಮಾಡಿ ಬೇಯೋಕೆ ಬಿಟ್ಟಳು. ಬೆಂದ ಮೇಲೆ ಸ್ಟವ್‌ನಿಂದ ಇಳಿಸಿ ಗೋಣಿತಾಟಿನ ಮೇಲಿಟ್ಟು, ಬಟ್ಟೆ ಸುತ್ತಿದ ಕುಕ್ಕರ್ ಹಿಡಿಯನ್ನ ಕಾಲಲ್ಲಿ ಅದುಮಿ ಹಿಡಿದು, ಎರಡೂ ಕೈಯಲ್ಲಿ ಕೋಲು ತಿರುವಿ ತೊಳಸಿದಳು. ಊರಲ್ಲಿ ಪಾತ್ರೆ ಅಲುಗದ ಹಾಗೆ ಕವೆಗೋಲು ಇರ್ತಿತ್ತು. ಇಲ್ಲಿ ಕುಕ್ಕರ್ ಹಿಡಿಯೇ ಕವೆಗೋಲು. ಮೈಯೆಲ್ಲ ಮುಂದಕ್ಕೆ ಬಾಗಿ, ಬೆನ್ನಿನ ಬಲವೆಲ್ಲ ಕೋಲಿಗೆ ಇಳೀತಿತ್ತು. ಎರಡೇ ನಿಮಿಷ. ಒಂದು ಗಂಟಿಲ್ಲದ ಮುದ್ದೆ. ಅವತ್ತು ರಾತ್ರಿ ಎಲ್ಲರೂ ನೆಲದ ಮೇಲೆ ಸ್ಟವ್ ಸುತ್ತ ಕೂತು ಉಂಡೆವು. ಸೊಪ್ಪಿನ ಸಾರು ಬಿಸಿಯಿತ್ತು. ಅವ್ವ ಎರಡು ಮುದ್ದೆ ಉಂಡಳು.

ಡಿಸೆಂಬರ್ ತಿಂಗಳು, ಸೊಗಡಿನ ಅವರೆಕಾಯಿ ಕಾಲ. ಆಫೀಸಿಂದ ಬರುವಾಗ ಎರಡು ಕೆಜಿ ತರ್ತಿದ್ದೆ. ರಾತ್ರಿ ಹಾಲ್‌ನಲ್ಲಿ ಪೇಪರ್ ಹಾಸಿ ನಾಲ್ಕೂ ಜನ ಕಾಯಿ ಬಿಡಿಸೋದು. ಮೊದಲು ಅವ್ವ ಅಡುಗೆಮನೆಯೊಳಗೆ ಒಬ್ಬಳೇ ಇರ್ತಿದ್ದಳು, ನಾವು ಹಾಲ್‌ನಲ್ಲಿ ನಮ್ಮ ನಮ್ಮ ಫೋನ್ ಜೊತೆ. ಈಗ ಅಡುಗೆಮನೆಯೇ ಹಾಲ್‌ಗೆ ಬಂದಿತ್ತು. ಒಗ್ಗರಣೆ ಘಾಟಿಗೆ ನನ್ನ ಆಫೀಸ್ ಕಾಲ್‌ನಲ್ಲಿ ಸೀನು. ಸ್ನಾನದ ಮನೆಯಲ್ಲಿ ಪಾತ್ರೆ ತೊಳೆಯೋ ಸರದಿ ನನ್ನದು. ಅದರ ಸುಖದ ಬಗ್ಗೆ ಬರೆಯೋಕೆ ಏನೂ ಇಲ್ಲ, ಬೆನ್ನು ಬಿದ್ದು ಹೋಗುತ್ತೆ ಅಷ್ಟೆ.

ಎಂಟನೇ ದಿನವೋ ಒಂಬತ್ತನೇ ದಿನವೋ, ಅವರೆಕಾಯಿ ಬಿಡಿಸ್ತಾ ಹೆಂಡತಿ ಕೇಳಿದಳು: "ಅತ್ತೆ, ಈ ವಾರ ಭುಜಕ್ಕೆ ಎಣ್ಣೆ ಕೇಳ್ಲೇ ಇಲ್ಲ ನೀವು?"

ಮೂರು ವರ್ಷದಿಂದ ಅವ್ವನಿಗೆ ಬಲಭುಜದ ನೋವು. ಎಕ್ಸ್‌ರೇ ಆಗಿತ್ತು, ಫಿಸಿಯೋಥೆರಪಿ ಆಗಿತ್ತು. ವಯಸ್ಸಾಯ್ತಲ್ಲ ಅಂತ ಎಲ್ಲರೂ ಒಪ್ಪಿಕೊಂಡಿದ್ದೆವು. ಅವ್ವ ಕಾಯಿಯಿಂದ ತಲೆ ಎತ್ತದೆ ಹೇಳಿದಳು: "ಕೂತ್ಕಂಡು ತೊಳಸ್ತೀನಲ್ಲ, ಈಗ ಅಷ್ಟಿಲ್ಲ. ಅಲ್ಲಿ ಮಣೆ ಮೇಲೆ ನಿಂತ್ಕಂಡ್ರೂ ಎಟುಕ್ತಿರ್ಲಿಲ್ಲ."

ಮಣೆ ಮೇಲೆ ನಿಂತುಕೊಂಡು! ಆರು ವರ್ಷ. ಅಪ್ಪ ತೀರಿಕೊಂಡು ಅವ್ವ ನಮ್ಮ ಜೊತೆ ಬಂದಾಗಿನಿಂದ. ನಾವಿಬ್ಬರೂ ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಬರೋದು ರಾತ್ರಿ. ಅವಳು ಏನರ ಮೇಲೆ ನಿಂತು ಅಡುಗೆ ಮಾಡ್ತಾಳೆ ಅಂತ ನಮಗೆ ಗೊತ್ತಿರಲಿಲ್ಲ.

ಅವತ್ತು ರಾತ್ರಿ ಅಳತೆ ಟೇಪ್ ತೆಗೆದೆ. ಅವ್ವ ನಾಲ್ಕು ಅಡಿ ಒಂಬತ್ತು ಇಂಚು. ಮೊಣಕೈ ಎತ್ತರ 36 ಇಂಚು, ಭುಜ 46. ಹಳೇ ಕಟ್ಟೆ 33 ಇಂಚಿತ್ತು. ಅದರ ಮೇಲೆ ನಾಲ್ಕಿಂಚಿನ ಸ್ಟವ್, ಅದರ ಮೇಲೆ ಎಂಟಿಂಚಿನ ಪಾತ್ರೆ. ಒಟ್ಟು 45. ಅಂದರೆ ಅವ್ವ ಇಷ್ಟು ವರ್ಷ ಮುದ್ದೆ ತೊಳಸಿದ್ದು ತನ್ನ ಭುಜದ ಎತ್ತರದಲ್ಲಿ. ಮಣೆ ಕೊಡ್ತಿದ್ದದ್ದು ಬರೀ ಮೂರು ಇಂಚು. ಹೊಸ ಡ್ರಾಯಿಂಗ್ ತೆಗೆದು ನೋಡಿದೆ. ಕಟ್ಟೆ ಎತ್ತರ 34 ಇಂಚು, ಸ್ಟ್ಯಾಂಡರ್ಡ್. ಕೆಳಗೆ ನನ್ನದೇ ಸಹಿ.

ಊರಲ್ಲಿ ನಾನು ಚಿಕ್ಕವನಿದ್ದಾಗ ನಮ್ಮನೇಲಿ ಇದ್ದದ್ದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ರೂಪಿಸಿದ ಒಲೆ ಅದು. ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಕೊಳವೆಯಲ್ಲಿ ಸೂರಿನ ಮೇಲಕ್ಕೆ. ಅವ್ವ ಅದರ ಮುಂದೆ ಕೂತೇ ಅಡುಗೆ ಮಾಡ್ತಿದ್ದಳು. ಆಮೇಲೆ ಗ್ಯಾಸ್ ಬಂತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತೆ. ಅದಕ್ಕೇ ಒಲೆ ಸಿಲಿಂಡರ್‌ಗಿಂತ ಎತ್ತರದಲ್ಲಿರಬೇಕು ಅಂತ ಕಂಪನಿಯವರು ಹೇಳೋದು. ನಮ್ಮೂರಲ್ಲಿ ಕಲ್ಲಿನ ಕಟ್ಟೆಗಳು ಬಂದವು, ಕೂತಿದ್ದ ಹೆಂಗಸರು ಎದ್ದು ನಿಂತರು. ಹೊಗೆ ತಪ್ಪಿದ್ದು ದೊಡ್ಡದೇ, ಅದನ್ನ ನಾನು ಅಲ್ಲಗಳೆಯಲ್ಲ. ಆದರೆ ಯಾರ ಅಳತೆಗೆ ಕಟ್ಟೆ ಕಟ್ಟಬೇಕು ಅಂತ ನಾನಂತೂ ಒಂದು ಸಲವೂ ಯೋಚಿಸಿರಲಿಲ್ಲ. ಬಳಸೋರನ್ನ ಕೇಳದೆ ಏನನ್ನೂ ಕಟ್ಟಬೇಡಿ ಅಂತ ಆಫೀಸಲ್ಲಿ ಜೂನಿಯರ್‌ಗಳಿಗೆ ವಾರಕ್ಕೊಂದು ಸಲ ಪಾಠ ಮಾಡೋನು ನಾನು.

ಮಾರನೇ ದಿನ ಡಿಸೈನರ್‌ಗೆ ಫೋನ್ ಮಾಡಿದೆ. ಗ್ರಾನೈಟ್ ಇನ್ನೂ ಕತ್ತರಿಸಿರಲಿಲ್ಲ. ಒಲೆ ಬರೋ ನಾಲ್ಕು ಅಡಿ ಜಾಗದ ಕಟ್ಟೆಯನ್ನ 27 ಇಂಚಿಗೆ ಇಳಿಸಿ ಅಂದೆ. "ಸಾರ್, ಲೈನ್ ಕಟ್ ಆಗುತ್ತೆ. ಮುಂದೆ ಮನೆ ಮಾರುವಾಗ ಯಾರೂ ಇಷ್ಟಪಡಲ್ಲ," ಅಂದ. ಕೆಳಗಿನ ಪೆಟ್ಟಿಗೆಗಳನ್ನ ಮತ್ತೆ ಮಾಡಬೇಕು, 18,000 ರೂಪಾಯಿ ಹೆಚ್ಚು, ಎರಡು ವಾರ ತಡ. ಹೆಂಡತಿ ಒಂದು ರಾತ್ರಿ ಯೋಚಿಸಿದಳು. "ಮಾರೋವಾಗ ನೋಡ್ಕೊಳ್ಳೋಣ. ದೋಸೆ ಹುಯ್ಯೋಕೆ ನನಗೂ ತಗ್ಗಿದ್ರೇ ಸಲೀಸು," ಅಂದಳು. ಆಮೇಲೆ ಅವ್ವನ ಹತ್ತಿರ ಹೋಗಿ ಕೂತು, "ಅಲ್ಲ ಅತ್ತೆ, ಇಷ್ಟು ವರ್ಷ ಒಂದು ಮಾತು ಹೇಳ್ಬಾರ್ದಿತ್ತಾ?" ಅಂತ ಕೇಳಿದಳು.

"ನಿಮ್ಮನೆ ಅಡುಗೆಮನೆ ಕಣವ್ವ, ನಾನೇನು ಹೇಳ್ಲಿ," ಅಂದಳು ಅವ್ವ. ಸಿಟ್ಟಿನಲ್ಲಿ ಅಲ್ಲ. ಮಳೆ ಬಂತು ಅನ್ನೋ ಹಾಗೆ, ಸಹಜವಾಗಿ.

ಆ 'ನಿಮ್ಮನೆ' ಅನ್ನೋ ಮಾತು ನನಗೆ ಇನ್ನೂ ಜೀರ್ಣ ಆಗಿಲ್ಲ. ಅವ್ವನ ಆಧಾರ್ ಕಾರ್ಡಿನಲ್ಲಿ ಈ ಮನೆ ವಿಳಾಸವೇ ಇದೆ. ಗೃಹಪ್ರವೇಶದ ದಿನ ಹಾಲು ಉಕ್ಕಿಸಿದ್ದೂ ಅವಳೇ. ದಿನಕ್ಕೆ ಆರು ಗಂಟೆ ನಿಂತು ಅಡುಗೆ ಮಾಡೋ ಜಾಗ ಅವಳಿಗೆ ಆರು ವರ್ಷ ಆದರೂ ಬೇರೆಯವರ ಮನೆಯಾಗೇ ಉಳಿದಿತ್ತು. ಅದಕ್ಕೆ ಕಾರಣ ಕಟ್ಟೆ ಒಂದೇ ಅಲ್ಲ ಅಂತ ನನಗೂ ಗೊತ್ತು. ಆದರೆ ಸದ್ಯಕ್ಕೆ ನನ್ನ ಕೈಗೆ ಸಿಕ್ಕಿದ್ದು ಅದೊಂದೇ.

ಇಪ್ಪತ್ತಾರನೇ ದಿನ ಕೆಲಸ ಮುಗೀತು. ಕಟ್ಟೆ ಒಂದು ಮೂಲೆಯಲ್ಲಿ ಮೆಟ್ಟಿಲಿನ ಹಾಗೆ ಕೆಳಗಿಳಿದಿದೆ. ಡಿಸೈನರ್ ತನ್ನ ಆಲ್ಬಮ್‌ಗೆ ಫೋಟೋ ತೆಗೆದುಕೊಂಡ, ಆ ಮೂಲೆ ಬಿಟ್ಟು. ನಾನು ಕಾಫಿಗೆ ನೀರಿಡಬೇಕಾದರೆ ಬಗ್ಗಬೇಕು. ಅದು ಪರವಾಗಿಲ್ಲ. ಅವ್ವನ ಭುಜದ ನೋವು ಪೂರ್ತಿ ಹೋಗಿಲ್ಲ, ಆದರೆ ಎಣ್ಣೆ ಬಾಟಲಿ ಬೇಗ ಖಾಲಿಯಾಗ್ತಿಲ್ಲ.

ಸಂಕ್ರಾಂತಿಗೆ ಮುಂಚೆ ಹೊಸ ಒಲೆ ಮೇಲೆ ಹಾಲು ಉಕ್ಕಿಸೋಕೆ ಅವ್ವನನ್ನ ಕರೆದೆವು. ಪಾತ್ರೆ ಇಟ್ಟಳು, ಒಲೆ ಹಚ್ಚಿದಳು. ನಾನು ಹಿಂದೆ ನಿಂತು ನೋಡ್ತಿದ್ದೆ. ಹಾಲಿನ ಮೇಲೆ ಕಣ್ಣಿಟ್ಟಿದ್ದ ಅವ್ವನ ಬಲಗಾಲು ತನ್ನ ಪಾಡಿಗೆ ತಾನು ನೆಲದ ಮೇಲೆ ಅತ್ತ ಇತ್ತ ಸರಿದು ಮಣೆಯನ್ನ ಹುಡುಕ್ತಿತ್ತು. ಸಿಗಲಿಲ್ಲ. ಅವ್ವ ಒಂದು ಸಲ ಕೆಳಗೆ ನೋಡಿ, ಮತ್ತೆ ಹಾಲಿನ ಕಡೆ ತಿರುಗಿದಳು.