ನೋಡಿ ಹಿಂದಿರುಗಿಸುವುದು

ಮಗಳ ಬಾಣಂತನಕ್ಕೆಂದು ಅಟ್ಲಾಂಟಾಕ್ಕೆ ಬಂದು ಎರಡು ತಿಂಗಳಾಯಿತು. ಬಜೆ, ಜಾಯಿಕಾಯಿ, ಅಂಟಿನುಂಡೆ ಎಲ್ಲವನ್ನೂ ಕಟ್ಟಿಕೊಂಡು ಬಂದವಳಿಗೆ ಇಲ್ಲಿ ಸಿಕ್ಕ ಮುಖ್ಯ ಉದ್ಯೋಗವೆಂದರೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಲುಗದೆ ಕೂರುವುದು. ಎದ್ದರೆ ಮಗು ಏಳುತ್ತದೆ. ಸೀನಿದರೂ ಏಳುತ್ತದೆ. ಎಡಗೈಯಲ್ಲಿ ಮಗುವಿನ ತಲೆ, ಬಲಗೈಗೆ ಅಳಿಯಂದಿರ ಟ್ಯಾಬ್ಲೆಟ್. ಕಿಟಕಿಯಾಚೆ ನೋಡೋಣವೆಂದರೆ ಒಂದೇ ಅಚ್ಚಿನಲ್ಲಿ ತೆಗೆದಂಥ ಹೊಸ ಮನೆಗಳು. ಈ ಬೀದಿಯಲ್ಲಿ ಹಳೆಯದು ಅಂತ ಇದ್ದರೆ ನಾನೊಬ್ಬಳೇ.

ಹಾಗೆ ಕೂತಾಗಲೇ ಈ ಅಟ್ಲಾಂಟಾ ಊರಿನ ಹಳೆಯ ಫೋಟೋಗಳು ಕಣ್ಣಿಗೆ ಬಿದ್ದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವನ್ನು ಯಾರು ಬೇಕಾದರೂ ನೋಡಲಿ ಎಂದು ತೆರೆದಿಟ್ಟಿದೆ. ಎರಡು ಬೆರಳಿಟ್ಟು ಹಿಗ್ಗಿಸಿದರೆ ನೂರೈವತ್ತು ವರ್ಷದ ಹಿಂದಿನ ಅಂಗಡಿಯ ಬೋರ್ಡನ್ನೂ ಓದಬಹುದು. ನಾನು ಮೊದಲು ಓದಿದ ಬೋರ್ಡು ಇದು: ‘ಹರಾಜು ಮತ್ತು ನೀಗ್ರೋ ಮಾರಾಟ’. ಪಕ್ಕದ ಅಂಗಡಿಯಲ್ಲಿ ಪಿಂಗಾಣಿ, ಗಾಜಿನ ಸಾಮಾನು. ನಮ್ಮ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿಯ ಪಕ್ಕ ಜವಳಿ ಅಂಗಡಿ ಇರುವ ಹಾಗೆ ಇಲ್ಲಿ ತಟ್ಟೆ ಬಟ್ಟಲಿನ ಪಕ್ಕ ಮನುಷ್ಯರು.

ತೆಗೆದವನು ಜಾರ್ಜ್ ಬರ್ನಾರ್ಡ್. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಸೆಪ್ಟೆಂಬರಿನಲ್ಲಿ, ಉತ್ತರದ ಸೇನಾಪತಿ ಶರ್ಮನ್ ಅಟ್ಲಾಂಟಾವನ್ನು ಹಿಡಿದಾಗ ಆ ಸೈನ್ಯದ ಜೊತೆ ಬಂದ ಫೋಟೋಗ್ರಾಫರ್. ಆಗ ಫಿಲ್ಮ್ ಇರಲಿಲ್ಲ. ಗಾಜಿನ ಹಲಗೆಗೆ ರಾಸಾಯನಿಕ ಹೊಯ್ದು, ಅದು ಒಣಗುವುದರೊಳಗೆ ಚಿತ್ರ ತೆಗೆದು, ಕತ್ತಲಲ್ಲಿ ತೊಳೆದುಬಿಡಬೇಕು. ಎದುರಿದ್ದವರು ಕೆಲವು ಸೆಕೆಂಡು ಅಲುಗಬಾರದು, ಅಲುಗಿದರೆ ಹೊಗೆಯಾಗಿ ಹೋಗುತ್ತಾರೆ. ಅಲುಗದೆ ಕೂರುವ ಕಷ್ಟ ಈಗ ನನಗೆ ಚೆನ್ನಾಗಿ ಗೊತ್ತು. ಆ ಹರಾಜು ಅಂಗಡಿಯ ಬಾಗಿಲಲ್ಲಿ ಮಾತ್ರ ಒಬ್ಬ ಸ್ಪಷ್ಟವಾಗಿ ಕೂತಿದ್ದಾನೆ. ಉತ್ತರದ ಸೈನ್ಯದ ಸಮವಸ್ತ್ರ ತೊಟ್ಟ ಕಪ್ಪು ಸೈನಿಕ. ಬಂದೂಕು ಪಕ್ಕಕ್ಕಿದೆ. ಕೈಯಲ್ಲಿ ಏನನ್ನೋ ಹಿಡಿದು ಓದುತ್ತಿದ್ದಾನೆ.

ಓದುತ್ತಿದ್ದಾನೆ ಎನ್ನುವುದು ಸಣ್ಣ ಮಾತಲ್ಲ. ಕಪ್ಪು ಜನರಿಗೆ ಅಕ್ಷರ ಕಲಿಸುವುದೇ ಅಪರಾಧ ಎಂದು ಈ ಜಾರ್ಜಿಯಾ ರಾಜ್ಯ 1829ರಲ್ಲಿ ಕಾನೂನು ಮಾಡಿತ್ತು. ಅಂಥ ನೆಲದಲ್ಲಿ, ತನ್ನಂಥವರನ್ನು ಮಾರುತ್ತಿದ್ದ ಕಟ್ಟಡದ ಹೊಸ್ತಿಲಲ್ಲಿ, ಮಧ್ಯಾಹ್ನದ ಪೇಪರ್ ಹಿಡಿದ ಮನೆಯ ಯಜಮಾನನ ಹಾಗೆ ತಲೆ ಬಗ್ಗಿಸಿ ಕೂತಿದ್ದಾನೆ. ಆ ವರ್ಷ ನವೆಂಬರಿನಲ್ಲಿ ಶರ್ಮನ್‌ನ ಸೈನ್ಯ ಊರಿಗೆ ಬೆಂಕಿಯಿಟ್ಟು ಸಮುದ್ರದ ಕಡೆ ಹೊರಟಿತು. ದೊಡ್ಡ ರೈಲ್ವೆ ಶೆಡ್ಡನ್ನು ಉರುಳಿಸಿತು. ಅದು ನಿಂತಿದ್ದಾಗಿನ ಚಿತ್ರವೂ ಬಿದ್ದ ಮೇಲಿನದೂ ಬರ್ನಾರ್ಡನಲ್ಲಿ ಇವೆ. ಅಟ್ಲಾಂಟಾದ ಲಾಂಛನದಲ್ಲಿ ಬೂದಿಯಿಂದೇಳುವ ಫೀನಿಕ್ಸ್ ಹಕ್ಕಿ ಇರುವುದು ಸುಮ್ಮನೆ ಅಲ್ಲ.

ಒಂದು ಭಾನುವಾರ ಮಗುವನ್ನು ಮಗಳಿಗೆ ಒಪ್ಪಿಸಿ ಅಳಿಯಂದಿರ ಜೊತೆ ನಾರ್ತ್ ಸ್ಪ್ರಿಂಗ್ಸ್‌ನಲ್ಲಿ ರೈಲು ಹತ್ತಿ ಫೈವ್ ಪಾಯಿಂಟ್ಸ್‌ಗೆ ಹೋದೆ. ಹರಾಜು ಅಂಗಡಿ ಇದ್ದ ಜಾಗದಲ್ಲಿ ಈಗ ಇರುವುದು ಆ ರೈಲು ನಿಲ್ದಾಣವೇ. ಅಂಗಡಿಯ ಬೀದಿಗಿದ್ದ ವೈಟ್‌ಹಾಲ್ ಬೀದಿ ಎಂಬ ಹೆಸರೂ ಹೋಗಿ ಅದು ಪೀಚ್‌ಟ್ರೀ ಬೀದಿಯಾಗಿದೆ. ಎಸ್ಕಲೇಟರ್ ಮುಂದೆ ನಾನು ನಿಂತುಬಿಟ್ಟಾಗ ಹಿಂದಿದ್ದವರು ಬಳಸಿಕೊಂಡು ಹೋದರು.

“ಅತ್ತೆ, ಕಾಲು ನೋಯ್ತಾ ಇದೆಯಾ?” ಎಂದರು ಅಳಿಯ.

“ಇಲ್ಲಪ್ಪ, ಇಲ್ಲೊಬ್ಬ ಓದ್ತಾ ಕೂತಿದ್ದ” ಎಂದೆ. ಅವರು ಸುತ್ತಮುತ್ತ ಹುಡುಕಿದರು.

ಬರ್ನಾರ್ಡನ ಚಿತ್ರಗಳಲ್ಲಿ ಕಟ್ಟಡಗಳಿಗೆ ಹೆಸರಿದೆ, ಜನ ಅಲ್ಲಲ್ಲಿ ಇದ್ದಾರೆ ಅಷ್ಟೆ. ಜನರನ್ನೇ ನೋಡಬೇಕೆಂದರೆ ಮೂವತ್ತೈದು ವರ್ಷ ಮುಂದೆ ಬರಬೇಕು. ಥಾಮಸ್ ಆಸ್ಕ್ಯೂ ಎಂಬ ಕಪ್ಪು ಫೋಟೋಗ್ರಾಫರ್ ಇದೇ ಊರಿನ ಸಮಿಟ್ ಅವೆನ್ಯೂನಲ್ಲಿ ಮನೆಯಲ್ಲೇ ಸ್ಟುಡಿಯೋ ಇಟ್ಟಿದ್ದ. ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡಬ್ಲ್ಯು.ಇ.ಬಿ. ಡು ಬಾಯ್ಸ್ 1900ರ ಪ್ಯಾರಿಸ್ ಪ್ರದರ್ಶನಕ್ಕೆ ಜಾರ್ಜಿಯಾದ ಕಪ್ಪು ಜನರ 363 ಫೋಟೋಗಳನ್ನು ಆಲ್ಬಮ್ ಮಾಡಿ ಕಳಿಸಿದರು. ಅವುಗಳಲ್ಲಿ ಹಲವು ಆಸ್ಕ್ಯೂ ತೆಗೆದವು. ಹಿಂದಿನ ವರ್ಷವಷ್ಟೇ ಅಟ್ಲಾಂಟಾದ ಹತ್ತಿರ ಗುಂಪೊಂದು ಒಬ್ಬ ಕಪ್ಪು ಕೂಲಿಯನ್ನು ಜೀವಂತ ಸುಟ್ಟಿತ್ತು. ಅದಾದ ಮೇಲೆ ಈ ಆಲ್ಬಮ್. ಇದರಲ್ಲಿ ಹೊಡೆತವಿಲ್ಲ, ಅಳುವಿಲ್ಲ. ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಉದ್ದ ಲಂಗ ಹರಡಿ ಕೂತ ಒಂಬತ್ತು ಹೆಣ್ಣುಮಕ್ಕಳು. ತಂತಿವಾದ್ಯ ಹಿಡಿದ ಆರು ಹುಡುಗರು. ಐವರು ಆಸ್ಕ್ಯೂ ಮಕ್ಕಳೇ, ಆರನೆಯವನು ನೆರೆಮನೆಯವನು. ಇಸ್ತ್ರಿ ಮಾಡಿದ ಕಾಲರು, ನೆಟ್ಟನೆಯ ಕತ್ತು. ‘ನಾವು ಹೀಗಿದ್ದೇವೆ, ಕಣ್ಣಿದ್ದರೆ ನೋಡಿ’ ಎನ್ನುವ ಹಾಗೆ.

ಆದರೆ ಆಲ್ಬಮ್ಮಿನಲ್ಲಿ ಕೂತವರ ಹೆಸರು ಬರೆದಿಲ್ಲ. ಪುಟ ತಿರುಗಿಸಿದಷ್ಟೂ ಮುಖ, ಮುಖ, ಮುಖ.

ಆಸ್ಕ್ಯೂ 1914ರಲ್ಲಿ ತೀರಿಕೊಂಡ. 1917ರ ಮೇ 21ರಂದು ಊರಿಗೆ ಮತ್ತೆ ಬೆಂಕಿ ಬಿತ್ತು. ಸುಮಾರು 300 ಎಕರೆ ಸುಟ್ಟು 1,900ಕ್ಕೂ ಹೆಚ್ಚು ಕಟ್ಟಡ ಹೋದವು. ಹತ್ತು ಸಾವಿರ ಜನ ಬೀದಿಗೆ ಬಿದ್ದರು. ಆಸ್ಕ್ಯೂನ ಮನೆ, ಕ್ಯಾಮೆರಾ, ನೆಗೆಟಿವ್ ಎಲ್ಲ ಆ ಬೆಂಕಿಗೆ ಹೋದವು. ಮನೆಯಲ್ಲಿ ಜೋಪಾನವಾಗಿಟ್ಟದ್ದು ಬೂದಿಯಾಯಿತು. ಊರು ಬಿಟ್ಟು ಪ್ಯಾರಿಸ್ಸಿಗೆ ಹೋದದ್ದು ಸಮುದ್ರ ದಾಟಿ ಹಿಂದೆ ಬಂದು, ಲೈಬ್ರರಿ ಸೇರಿ, ಈಗ ನನ್ನ ಬಲಗೈಯಲ್ಲಿದೆ.

ಇದನ್ನು ಓದಿದಾಗ ನಮ್ಮ ದೊಡ್ಡಮ್ಮ ನೆನಪಾದಳು. ಸಂಬಂಧ ನೋಡುವಾಗ ಸಾಗರದ ಸ್ಟುಡಿಯೋದಲ್ಲಿ ಅವಳದೊಂದು ಫೋಟೋ ತೆಗೆಸಿದ್ದರಂತೆ. ಪಕ್ಕದಲ್ಲಿ ಹೂಕುಂಡ, ಹಿಂದೆ ಪರದೆಯ ಮೇಲೆ ಬರೆದ ಸರೋವರ. ಅಜ್ಜ ಅದನ್ನು ಒಂದು ಮನೆಗೆ ಜಾತಕದ ಜೊತೆ ಕಳಿಸಿದ. ‘ಜಾತಕ ಕೂಡಲಿಲ್ಲ’ ಎಂದು ಕಾರ್ಡು ಬಂತು, ಫೋಟೋ ಬರಲಿಲ್ಲ. ಆ ಜನಕ್ಕೆ ಮರ್ಯಾದೆ ಇಲ್ಲವೆಂದು ಅಜ್ಜಿ ಸಾಯುವ ತನಕ ಬೈದಳು. ದೊಡ್ಡಮ್ಮ ಬೇರೆ ಮನೆ ಸೇರಿ, ಎರಡನೇ ಹೆರಿಗೆಯಲ್ಲಿ ಹೋಗಿಬಿಟ್ಟಳು. ನಮ್ಮ ಮನೆಯ ಟ್ರಂಕಿನಲ್ಲಿದ್ದ ಫೋಟೋಗಳನ್ನೆಲ್ಲ ಒಂದು ಮಳೆಗಾಲ ಗೆದ್ದಲು ತಿಂದು ಮಣ್ಣು ಮಾಡಿತು. ಎಷ್ಟೋ ವರ್ಷದ ಮೇಲೆ ಒಂದು ಮದುವೆ ಮನೆಯಲ್ಲಿ ಆ ಬೇಡವೆಂದವರ ಕಡೆಯ ಹೆಂಗಸೊಬ್ಬಳು ಚೀಲದಿಂದ ಒಂದು ಫೋಟೋ ತೆಗೆದು, “ನಮ್ಮಲ್ಲಿ ಇದು ಯಾರು ಅಂತ ಯಾರಿಗೂ ಗೊತ್ತಿಲ್ಲ. ನಿಮ್ಮವರಾ ನೋಡಿ” ಎಂದಳು. ಅಮ್ಮ ಅದನ್ನು ತಿರುಗಿಸಿದಳು. ಬೆನ್ನಿಗೆ ಅಜ್ಜನ ಮೋಡಿ ಅಕ್ಷರದಂಥ ಕೈಬರಹ: ‘ನೋಡಿ ಹಿಂದಿರುಗಿಸುವುದು’. ಹೆಸರಿಲ್ಲ. ಮರ್ಯಾದಸ್ಥರಾಗಿ ಅವರು ಹಿಂದಿರುಗಿಸಿದ್ದರೆ ದೊಡ್ಡಮ್ಮನ ಮುಖ ಇವತ್ತು ನಮಗೂ ಇರುತ್ತಿರಲಿಲ್ಲ.

ನಿನ್ನೆ ಮಗಳು ತೊಡೆಯ ಮೇಲೆ ಮಲಗಿದ್ದ ಮಗುವಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಲು ಹೊರಟಳು. ದೃಷ್ಟಿಯಾಗುತ್ತದೆ ಎಂದು ದಿನಾ ಗದರುವವಳು ನಾನೇ. ನಿನ್ನೆ ಗದರಲಿಲ್ಲ.

“ಒಂದು ನಾಲ್ಕು ಪ್ರಿಂಟ್ ಹಾಕಿಸು” ಎಂದೆ. “ದೂರ ದೂರದ ನಾಲ್ಕು ಮನೆಗೆ ಕೊಡೋಣ. ಹಿಂದೆ ಮಗೂ ಹೆಸರು ಬರಿ.”

“ಹೆಸರು ಮಾತ್ರನಾ ಅಮ್ಮ?”

“ಹೂಂ. ವಾಪಸ್ ಕೊಡಿ ಅಂತ ಮಾತ್ರ ಬರೀಬೇಡ.”