ಬಾಗಿಲು ತಟ್ಟುವ ಹುಡುಗರು

ಅಮೆರಿಕದ ಸಣ್ಣ ಊರುಗಳಲ್ಲಿ ಹೇಳದೆ ಕೇಳದೆ ಯಾರೂ ಯಾರ ಮನೆಗೂ ಬರುವುದಿಲ್ಲ. ಅಯೋವಾ ರಾಜ್ಯದ ದಕ್ಷಿಣಕ್ಕಿರುವ ನಮ್ಮ ಊರೂ ಹಾಗೆಯೇ. ನಡುವೆ ಹಳೆಯ ಕೋರ್ಟ್ ಕಟ್ಟಡ, ಅದರ ನಾಲ್ಕೂ ಬದಿಗೆ ಅಂಗಡಿಸಾಲು, ಊರಂಚಿಗೆ ಕಾಳು ತುಂಬಿಡುವ ಎತ್ತರದ ಕಣಜಗಳು. ಅಲ್ಲಿಂದಾಚೆ ಕಣ್ಣು ಹರಿದಷ್ಟು ದೂರ ಮುಸುಕಿನ ಜೋಳ, ಸೋಯಾ. ಪಾರ್ಸೆಲ್ ತಂದವನು ಬಾಗಿಲ ಮುಂದಿಟ್ಟು ಹೋಗಿಬಿಡುತ್ತಾನೆ. ಪಕ್ಕದ ಮನೆಯವರೂ ಮೆಸೇಜು ಕಳಿಸಿಯೇ ಬರುತ್ತಾರೆ. ಇಂಥ ಊರಿನಲ್ಲಿ ಮನೆಮನೆಯ ಬಾಗಿಲು ತಟ್ಟುವವರೆಂದರೆ ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡು ಧರ್ಮಪ್ರಚಾರಕ್ಕೆ ಬರುವ ಇಬ್ಬರು ಮಾರ್ಮನ್ ಹುಡುಗರು ಮಾತ್ರ.

ಇಬ್ಬರು ಎಂದರೆ ಯಾವಾಗಲೂ ಅದೇ ಇಬ್ಬರಲ್ಲ. ಆರು ವಾರಕ್ಕೊಮ್ಮೆ ವರ್ಗಾವಣೆಯ ಸುದ್ದಿ ಬರುತ್ತದೆ. ಒಬ್ಬ ಹೋಗುತ್ತಾನೆ, ಇನ್ನೊಬ್ಬ ಬರುತ್ತಾನೆ. ಕೆಲವರು ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಉಳಿಯುವುದೂ ಉಂಟು. ನಾವಿಲ್ಲಿಗೆ ಬಂದಾಗಿನಿಂದ ಎಷ್ಟೋ ಜೋಡಿಗಳನ್ನು ಕಂಡಿದ್ದೇನೆ. ಅವರಲ್ಲಿ ನನಗೆ ತೀರಾ ಹತ್ತಿರವಾದವರು ಐಡಹೋದ ರೈತನ ಮಗನೊಬ್ಬ, ಟೋಂಗಾ ದ್ವೀಪದ ಹುಡುಗನೊಬ್ಬ.

ಇವರ ಸಭೆಯನ್ನು ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ. ಊರವರು ಮಾರ್ಮನ್ ಎಂದರೂ ಇವರು ತಮ್ಮ ಸಭೆಯನ್ನು ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂದು ಪೂರ್ತಿ ಹೆಸರಿನಿಂದಲೇ ಕರೆಯುತ್ತಾರೆ. ಗಂಡುಮಕ್ಕಳು ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗುವುದು ಕರ್ತವ್ಯವೆಂಬ ಭಾವನೆ ಅವರಲ್ಲಿದೆ. ಇಷ್ಟಪಟ್ಟ ಹೆಣ್ಣುಮಕ್ಕಳೂ ಒಂದೂವರೆ ವರ್ಷಕ್ಕೆ ಹೊರಡುತ್ತಾರೆ. 2012ರಿಂದ ಹುಡುಗರು 18 ತುಂಬಿದ ಕೂಡಲೇ ಹೋಗಬಹುದು. ಯಾವ ದೇಶ, ಯಾವ ಸೀಮೆ ಎಂಬುದನ್ನು ಸಾಲ್ಟ್ ಲೇಕ್ ಸಿಟಿಯ ಹಿರಿಯರು ತೀರ್ಮಾನಿಸುತ್ತಾರೆ. ಗೆಳೆಯನಿಗೆ ಪ್ಯಾರಿಸ್ ಬಂದಿರಬಹುದು, ತನಗೆ ಅಯೋವಾದ ಜೋಳದ ಹೊಲ ಬಂದಿರಬಹುದು. ಬಂದದ್ದನ್ನು ಒಪ್ಪಿಕೊಂಡು ಹೊರಡುವುದೇ ಮೊದಲ ಪಾಠ. ಸಂಬಳವಿಲ್ಲ. 2020ರಿಂದ ಅಮೆರಿಕದ ಹುಡುಗರು ಇಲ್ಲವೇ ಅವರ ಮನೆಯವರು ತಿಂಗಳಿಗೆ 500 ಡಾಲರ್ ಕಟ್ಟುತ್ತಾರೆ. ಐಡಹೋದ ಹುಡುಗ ಆ ಹಣವನ್ನು ಹೈಸ್ಕೂಲಿನ ದಿನಗಳಿಂದ ಆಲೂಗೆಡ್ಡೆ ಹೊಲದಲ್ಲಿ ದುಡಿದು ಕೂಡಿಟ್ಟಿದ್ದನಂತೆ.

ಆ ಇಬ್ಬರು ಮೊದಲ ಸಲ ಬಂದಾಗ ಜನವರಿಯ ಕೊರೆಯುವ ಚಳಿ. ಒಳಗೆ ಬನ್ನಿ ಎಂದೆ. “ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರಾ ಮ್ಯಾಮ್?” ಎಂದು ಕೇಳಿದರು. ಇಲ್ಲ, ಯಜಮಾನರು ಕೆಲಸಕ್ಕೆ ಹೋಗಿದ್ದಾರೆ ಎಂದೆ. “ಹಾಗಾದರೆ ಇಲ್ಲೇ ನಿಲ್ಲುತ್ತೇವೆ” ಎಂದು ಪೋರ್ಚಿನಲ್ಲೇ ಉಳಿದರು. ಹೆಂಗಸೊಬ್ಬಳೇ ಇರುವ ಮನೆಗೆ ಕಾಲಿಡಬಾರದೆಂಬುದು ಅವರ ನಿಯಮ. ಮೂಗು ಕೆಂಪಾಗಿ ನಿಂತ ಮಕ್ಕಳನ್ನು ಕಂಡು ಕಾಫಿ ಕೊಡಲು ಹೊರಟರೆ ಅದೂ ಆಗದು. ಕಾಫಿ, ಚಹಾ, ಮದ್ಯ, ತಂಬಾಕು ನಾಲ್ಕೂ ನಿಷಿದ್ಧ. 1833ರಷ್ಟು ಹಿಂದೆ ಬಂದ ಆಹಾರನಿಯಮ ಅದು. ಕೊನೆಗೆ ಕೊತ್ತಂಬರಿ, ಜೀರಿಗೆ, ಶುಂಠಿ ಕುಟ್ಟಿ, ಹಾಲು ಬೆಲ್ಲ ಹಾಕಿ ಕಷಾಯ ಮಾಡಿದೆ. ಅದರಲ್ಲಿ ಏನೇನಿದೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡು, ನೆಮ್ಮದಿಯಿಂದ ಕುಡಿದರು. ಮುಂದಿನ ಶನಿವಾರ ಯಜಮಾನರು ಮನೆಯಲ್ಲಿದ್ದಾಗ ಬಂದು ಒಳಗೆ ಕೂತರು. ಆಮೇಲೆ ನಮ್ಮ ಮನೆಯಲ್ಲಿ ಶನಿವಾರವೆಂದರೆ ಕಷಾಯದ ದಿನವಾಯಿತು.

ನಾನು ಮೊದಲೇ ಹೇಳಿದ್ದೆ: “ನನ್ನ ದೇವರು, ನನ್ನ ಪೂಜೆ ನನಗಿದೆ. ಅದನ್ನು ಬಿಡುವವಳಲ್ಲ. ನಿಮ್ಮ ಮಾತು ಕೇಳುತ್ತೇನೆ, ನನ್ನದನ್ನೂ ಕೇಳಿ.” ಅವರು ಕೇಳಿದರು. ದೇವರ ಗೂಡಿನ ಮುಂದೆ ನಿಂತು ದೀಪ ಯಾಕೆ, ಕುಂಕುಮ ಯಾಕೆ ಎಂದು ವಿಚಾರಿಸಿದರು. ನಾನು ಬೆಂಗಳೂರಿನ ಕಡೆಯವಳು ಎಂದಾಗ ಐಡಹೋದ ಹುಡುಗನ ಮುಖ ಅರಳಿತು. ತಮ್ಮ ಸಭೆ ಅಲ್ಲೊಂದು ದೇವಾಲಯ ಕಟ್ಟುವುದಾಗಿ 2018ರಲ್ಲಿ ಸಾರಿದ್ದು ಅವನಿಗೆ ಗೊತ್ತಿತ್ತು. ನನ್ನ ಊರಿನ ಬಗ್ಗೆ ಆ ಸಂಗತಿ ನನಗೆ ತಿಳಿದದ್ದು ಅಯೋವಾದಲ್ಲಿ ಕೂತು, ಅವನ ಬಾಯಿಂದ.

ಅವರ ದಿನಚರಿ ಕೇಳಿದರೆ ಯಾರಿಗೂ ಮರುಕ ಹುಟ್ಟುತ್ತದೆ. ಬೆಳಗ್ಗೆ 6.30ಕ್ಕೆ ಏಳಬೇಕು. ಪ್ರಾರ್ಥನೆ, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಒಬ್ಬೊಬ್ಬರೇ ಧರ್ಮಗ್ರಂಥ ಓದಬೇಕು, ನಂತರ ಇಬ್ಬರೂ ಕೂಡಿ ಓದಬೇಕು. ಬೆಳಗ್ಗೆ ಮನೆ ಬಿಟ್ಟರೆ ರಾತ್ರಿ ಒಂಬತ್ತರ ಹೊತ್ತಿಗೆ ವಾಪಸ್, 10.30ಕ್ಕೆ ದೀಪ ಆರಿಸಬೇಕು. ಸಿನಿಮಾ ಇಲ್ಲ, ಟಿ.ವಿ. ಇಲ್ಲ, ಹುಡುಗಿಯರ ಜೊತೆ ಸುತ್ತಾಟ ಇಲ್ಲ. ಫೋನಿದ್ದರೂ ಕೆಲಸಕ್ಕಷ್ಟೇ. ಕಾರಿಗೆ ತಿಂಗಳಿಗೆ ಇಷ್ಟೇ ಮೈಲಿ ಎಂಬ ಮಿತಿ. ಅದು ತೀರಿದರೆ ಸೈಕಲ್ಲು, ಇಲ್ಲವೇ ನಡಿಗೆ. ವಾರಕ್ಕೊಂದು ದಿನ, ಸಾಮಾನ್ಯವಾಗಿ ಸೋಮವಾರ, ಬಟ್ಟೆ ಒಗೆಯಲು, ದಿನಸಿ ತರಲು, ಕೂದಲು ಕತ್ತರಿಸಿಕೊಳ್ಳಲು, ಮನೆಗೆ ಬರೆಯಲು ಬಿಡುವು. ತಿಂಗಳ ಮೊದಲ ಭಾನುವಾರ ಉಪವಾಸ. ಉಳಿದ ಭಾನುವಾರಗಳಲ್ಲಿ ಊರಿನ ಬೆರಳೆಣಿಕೆಯ ಮಾರ್ಮನ್ ಕುಟುಂಬಗಳಲ್ಲಿ ಯಾರಾದರೂ ಊಟಕ್ಕೆ ಕರೆಯುತ್ತಾರೆ.

ಎಲ್ಲಕ್ಕಿಂತ ಕಷ್ಟದ ನಿಯಮ ಇನ್ನೊಂದಿದೆ. ಜೊತೆಗಾರನನ್ನು ಬಿಟ್ಟು ಇರುವ ಹಾಗಿಲ್ಲ. ಅವನನ್ನು ಆರಿಸಿಕೊಂಡವರು ಇವರಲ್ಲ. ಐಡಹೋದವನು ಮಾತಿನ ಮಲ್ಲ, ಟೋಂಗಾದವನು ಕೇಳಿದ್ದಕ್ಕಷ್ಟೇ ಉತ್ತರ ಕೊಡುವವನು. ಒಬ್ಬನಿಗೆ ಪಾತ್ರೆ ಸಿಂಕಿನಲ್ಲಿದ್ದರೆ ಆಗದು, ಇನ್ನೊಬ್ಬನಿಗೆ ಅದು ಕಣ್ಣಿಗೇ ಬೀಳದು. ಊರು ಬಿಟ್ಟು ಬಂದ ಹತ್ತೊಂಬತ್ತರ ಹುಡುಗರು ಹಗಲೂ ರಾತ್ರಿ ಒಂದೇ ಸೂರಿನಡಿ ಇದ್ದರೆ ಜಗಳ ಆಗದಿರುತ್ತದೆಯೇ? ಆಗುತ್ತದೆ. ಆದರೆ ವಾರಕ್ಕೊಮ್ಮೆ ಇಬ್ಬರೂ ಎದುರುಬದುರು ಕೂತು, ಜೊತೆಗಾರನ ಒಳ್ಳೆಯ ಗುಣ ಯಾವುದು, ತಮ್ಮಿಬ್ಬರ ನಡುವೆ ಸರಿಯಾಗಬೇಕಾದದ್ದು ಏನು ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿಕೊಳ್ಳಬೇಕು. ಹೇಳಿಕೊಂಡ ಮೇಲೆ ಕೂಡಿ ಪ್ರಾರ್ಥಿಸಬೇಕು. ಮದುವೆಯಾಗಿ ದಶಕ ಕಳೆದ ದಂಪತಿಗಳಲ್ಲೂ ಇಂಥ ಪದ್ಧತಿ ನಾನು ಕಂಡಿಲ್ಲ. ಇದೊಂದು ನಿಯಮಕ್ಕಾಗಿಯೇ ಆ ಸಭೆಯ ಬಗ್ಗೆ ನನಗೆ ಗೌರವ ಹುಟ್ಟಿತು.

ಇಷ್ಟೆಲ್ಲ ಕಟ್ಟುಪಾಡಿನ ಕೊನೆಗೆ ಅವರಿಗೆ ದಕ್ಕುವುದು ಹೆಚ್ಚಾಗಿ ‘ಬೇಡ’ ಎಂಬ ಮಾತು. ಪರದೆಯ ಹಿಂದೆ ಯಾರೋ ಓಡಾಡಿದ್ದು ಕಾಣುತ್ತದೆ, ಬಾಗಿಲು ತೆರೆಯುವುದಿಲ್ಲ. ಕೆಲವರು ನಾಯಿ ಬಿಡುತ್ತಾರೆ. ಕೆಲವರು ಬೈಬಲ್ ಹಿಡಿದು ವಾದಕ್ಕೆ ನಿಲ್ಲುತ್ತಾರೆ. ಮಾರ್ಮನರು ಕ್ರೈಸ್ತರೇ ಅಲ್ಲ ಎನ್ನುವವರು ಇಲ್ಲಿ ಬಹಳ. ಅವರಿಗೆಲ್ಲ ಇವರ ಉತ್ತರ ಒಂದೇ: “ನಿಮಗೆ ಒಳ್ಳೆಯದಾಗಲಿ.” ಆಮೇಲೆ ಪಕ್ಕದ ಮನೆ.

ಹೀಗೆ ತಟ್ಟುತ್ತ ತಟ್ಟುತ್ತ ಅವರು ಈ ಊರನ್ನು ಅರಿತುಕೊಂಡರು. ಇಲ್ಲಿ ಹುಟ್ಟಿ ಬೆಳೆದವರಿಗೂ ತಿಳಿಯದ ಸಂಗತಿಗಳು ಅವರಿಗೆ ಗೊತ್ತಿದ್ದವು. ರೈಲುಹಳಿಯ ಆಚೆಗಿನ ಮುದುಕ ಸೊಂಟದ ಆಪರೇಷನ್ ಆದಮೇಲೆ ಡಬ್ಬದ ಸೂಪಿನಲ್ಲೇ ದಿನ ದೂಡುತ್ತಿದ್ದಾನೆ. ನಮ್ಮ ಹಿಂದಿನ ಬೀದಿಯ ಹೆಂಗಸು ಗಂಡ ಸತ್ತ ಮೇಲೆ ಚರ್ಚಿಗೂ ಹೋಗುತ್ತಿಲ್ಲ. ಮೂಲೆಮನೆಯ ತಾಯಿಗೆ ಎರಡು ಪಾಳಿ ಕೆಲಸ, ಮಕ್ಕಳು ಒಂಟಿ. ಅವರವರ ಗುಟ್ಟುಗಳನ್ನು ಹುಡುಗರು ಬಾಯಿಬಿಡುತ್ತಿರಲಿಲ್ಲ. ಯಾರಿಗೆ ಏನು ಬೇಕೋ ಅಷ್ಟನ್ನು ಮಾತ್ರ ಹೇಳುತ್ತಿದ್ದರು. “ಮ್ಯಾಮ್, ಆ ಅಜ್ಜನಿಗೆ ಸ್ವಲ್ಪ ಅನ್ನ ಸಾರು ಕೊಡಬಹುದಾ? ಖಾರ ಕಡಿಮೆ ಇರಲಿ.” ಆ ಅಜ್ಜನ ಮನೆ ನಮ್ಮಿಂದ ನಡೆದು ಹೋಗುವಷ್ಟು ದೂರದಲ್ಲೇ ಇತ್ತು. ಅಂಥವನೊಬ್ಬ ಅಲ್ಲಿದ್ದಾನೆಂದು ನನಗೆ ಗೊತ್ತಾದದ್ದು ಸಾವಿರಾರು ಮೈಲಿ ಆಚೆಯ ದ್ವೀಪದಿಂದ ಬಂದ ಹುಡುಗನಿಂದ. ಹಿಮ ಬಿದ್ದ ಬೆಳಗ್ಗೆ ಟೈ ಕಳಚಿಟ್ಟು, ಸಲಿಕೆ ಹಿಡಿದು, ಅದೇ ಅಜ್ಜನ ಮನೆಯ ದಾರಿ ಬಿಡಿಸುತ್ತಿದ್ದವನೂ ಅವನೇ. ಹಿಮ ಅವನು ನೋಡಿದ್ದು ಆ ಚಳಿಗಾಲದಲ್ಲೇ ಮೊದಲು. ಅಜ್ಜ ಇವರ ಸಭೆಗೆ ಸೇರಲಿಲ್ಲ. ಅದರಿಂದ ಸಲಿಕೆ ನಿಲ್ಲಲಿಲ್ಲ.

ಮನೆಯ ನೆನಪು ಅವರನ್ನು ಹಿಂಡುತ್ತಿತ್ತು. ಹಿಂದೆಲ್ಲ ಮನೆಗೆ ಫೋನು ಮಾಡುವ ಅವಕಾಶ ಕ್ರಿಸ್ಮಸ್ ಮತ್ತು ತಾಯಂದಿರ ದಿನಕ್ಕೆ ಮಾತ್ರ. 2019ರಿಂದ ವಾರಕ್ಕೊಮ್ಮೆ ಮಾತಾಡಬಹುದು. ಒಂದು ಶನಿವಾರ ಟೋಂಗಾದ ಹುಡುಗ ಕಷಾಯ ಕುಡಿಯುತ್ತ, ತಂಗಿಗೆ ಹುಷಾರಿಲ್ಲ ಎಂದಷ್ಟೇ ಹೇಳಿ ಸುಮ್ಮನಾದ. ಅವನ ಮನಸ್ಸು ಹಗುರಾಗಲೆಂದು ಅವತ್ತು ಐಡಹೋದವನು ನಮಗೆ ಒಂದು ಸಂಗತಿ ಹೇಳಿದ. 1846ರ ಚಳಿಗಾಲದಲ್ಲಿ ಇಲಿನಾಯ್‌ನ ‘ನಾವೂ’ ಎಂಬ ಊರಿನಿಂದ ಹೊರದಬ್ಬಿಸಿಕೊಂಡ ಮಾರ್ಮನರು ಮಿಸಿಸಿಪ್ಪಿ ದಾಟಿ, ಬಂಡಿ ಕಟ್ಟಿಕೊಂಡು, ಕೆಸರಿನಲ್ಲಿ ಇದೇ ದಕ್ಷಿಣ ಅಯೋವಾದ ಮೇಲೆ ಹಾದುಹೋದರು. ಗಾರ್ಡನ್ ಗ್ರೋವ್, ಮೌಂಟ್ ಪಿಸ್ಗಾ ಎಂಬ ಬೀಡುಗಳಲ್ಲಿ ನೆಲ ಉತ್ತು ಬಿತ್ತಿದರು. ಬಿತ್ತಿದವರಲ್ಲಿ ಎಷ್ಟೋ ಜನ ಕೊಯ್ಲಿಗೆ ನಿಲ್ಲದೆ ಮುಂದೆ ಹೋದರು. ಬೆಳೆ ಹಿಂದೆ ಬರುವವರಿಗೆ. ಆ ಗುಂಪಿನ ವಿಲಿಯಂ ಕ್ಲೇಟನ್ ಎಂಬಾತನಿಗೆ, ನಾವೂದಲ್ಲೇ ಉಳಿದಿದ್ದ ಹೆಂಡತಿ ಗಂಡುಮಗು ಹೆತ್ತ ಸುದ್ದಿ ದಾರಿಯಲ್ಲಿ ತಲುಪಿತು. ಆ ಸಂತೋಷದಲ್ಲಿ ಅವನು ಬರೆದ ಹಾಡನ್ನು ಇಂದಿಗೂ ಅವರ ಸಭೆಗಳಲ್ಲಿ ಹಾಡುತ್ತಾರೆ. ಅದು ಹುಟ್ಟಿದ್ದು ಇಲ್ಲಿಯೇ, ವೇಯ್ನ್ ಕೌಂಟಿಯಲ್ಲಿ. ಕಥೆ ಮುಗಿದ ಮೇಲೆ ಇಬ್ಬರೂ ಆ ಹಾಡು ಹಾಡಿದರು. ಟೋಂಗಾದವನ ದನಿ ಅಷ್ಟು ಗಟ್ಟಿ, ಅಷ್ಟು ಇಂಪು ಎಂದು ನಮಗೆ ಗೊತ್ತಾದದ್ದು ಅವತ್ತೇ.

ಈ ಜೀವನಕ್ಕೆ ಬೆಲೆಯೂ ಇದೆ. ಒಗ್ಗದೆ ಮಧ್ಯದಲ್ಲೇ ಮನೆಗೆ ಮರಳಿದವರು ಊರವರ ಕಣ್ಣು ತಪ್ಪಿಸಿ ನಡೆಯುವಷ್ಟು ನಾಚಿಕೆಪಡುತ್ತಾರೆ ಎಂದು ಹುಡುಗರೇ ಹೇಳಿದ್ದುಂಟು. ಅಂಥ ಮಕ್ಕಳನ್ನು ಅವರ ಸಮಾಜ ಇನ್ನಷ್ಟು ಮಮತೆಯಿಂದ ಬರಮಾಡಿಕೊಳ್ಳಬೇಕು. ಇನ್ನೊಬ್ಬರ ಮನೆಬಾಗಿಲಿಗೆ ಹೋಗಿ ನಮ್ಮ ದೇವರನ್ನು ಒಪ್ಪಿ ಎನ್ನುವುದು ನನ್ನ ಮನಸ್ಸಿಗೆ ಇಂದಿಗೂ ಒಗ್ಗಿಲ್ಲ. ಆದರೆ ತಟ್ಟುವುದು ಬೇರೆ, ಒಪ್ಪಿಸುವುದು ಬೇರೆ ಎಂಬುದನ್ನು ಆ ಇಬ್ಬರು ನನಗೆ ಕಾಣಿಸಿಕೊಟ್ಟರು. ಅವರ ದಿನದಲ್ಲಿ ಒಪ್ಪಿಸುವ ಹೊತ್ತು ಕೆಲವು ನಿಮಿಷ. ಉಳಿದದ್ದೆಲ್ಲ ನಡೆಯುವುದು, ಕೇಳುವುದು, ಹೊರುವುದು, ಹಿಮ ಬಾಚುವುದು.

ಇಂಥ ಹುಡುಗ ಹುಡುಗಿಯರು ಇಂದು ಜಗತ್ತಿನಲ್ಲಿ 70 ಸಾವಿರಕ್ಕೂ ಹೆಚ್ಚು. ಬಾಗಿಲಿಗೆ ಬಂದರೆ ಪರದೆಯ ಹಿಂದೆ ಅಡಗಬೇಡಿ. ಬೇಡ ಎನ್ನುವುದಿದ್ದರೆ ಬಾಗಿಲು ತೆರೆದೇ ಬೇಡ ಎನ್ನಿ, ಊಟ ಆಯಿತಾ ಎಂದು ವಿಚಾರಿಸಿ. ಅವರು ಹೋದ ಮೇಲೆ, ಅವರು ಈಗ ತಟ್ಟಲಿರುವ ಪಕ್ಕದ ಮನೆಯಲ್ಲಿ ಯಾರಿದ್ದಾರೆ, ಹೇಗಿದ್ದಾರೆ ಎಂದು ನಿಮಗೆ ಗೊತ್ತಿದೆಯೇ ಎಂದು ಯೋಚಿಸಿ. ಗೊತ್ತಿಲ್ಲದಿದ್ದರೆ ಹೋಗಿ ಕೇಳಿ. ಅದಕ್ಕೆ ಯಾವ ಸಭೆಯ ಅಪ್ಪಣೆಯೂ ಬೇಕಿಲ್ಲ. ಅಜ್ಜನಿಗೆ ಸಾರು ಒಯ್ಯುವ ಕೆಲಸ ಈಗ ನನ್ನದು, ಹಿಂದಿನ ಬೀದಿಯ ಹೆಂಗಸಿನ ಜೊತೆ ಸಂಜೆಯ ನಡಿಗೆಯೂ ನನ್ನದೇ.